ಯುದ್ಧವಿರೋಧಿ ಕವಿತೆ ಸೈನಿಕನ ವಿರುದ್ಧದ ಕವಿತೆಯೇ?

ಪ್ರಶ್ನೆ: ನಾನು ಸೇನೆಯಿಂದ ನಿವೃತ್ತನಾದ ಹವಾಲ್ದಾರ್, ಹಾಸನ ಜಿಲ್ಲೆಯವನು. ಮಗಳು ಬಿ.ಎ. ಓದುತ್ತಿದ್ದಾಳೆ. ಅವಳ ಇಂಗ್ಲಿಷ್ ಪಠ್ಯದಲ್ಲಿ ವಿಲ್ಫ್ರೆಡ್ ಓವನ್ ಎಂಬ ಕವಿಯ ಯುದ್ಧವಿರೋಧಿ ಕವಿತೆ ಇದೆ. ದೇಶಕ್ಕಾಗಿ ಸಾಯುವುದು ಹಿರಿಮೆ ಅನ್ನುವುದು ಹಳೆಯ ಸುಳ್ಳು ಅಂತ ಆತ ಬರೆದಿದ್ದಾನೆ. ಮಗಳು ಅರ್ಥ ಹೇಳಿದಾಗ ನನಗೆ ಬೇಸರವಾಯಿತು. ನನ್ನ ಜೊತೆಗಿದ್ದವರು ಸತ್ತದ್ದು ಸುಳ್ಳಿಗಾಗಿಯಾ? ನೂರು ವರ್ಷದ ಹಿಂದೆ ಯಾರದೋ ಯುದ್ಧದ ಬಗ್ಗೆ ಬರೆದದ್ದನ್ನು ನಮ್ಮ ಮಕ್ಕಳು ಈಗ ಯಾಕೆ ಓದಬೇಕು? ಇಂಥ ಕವಿತೆ ಒಂದು ಯುದ್ಧವನ್ನಾದರೂ ನಿಲ್ಲಿಸಿದೆಯಾ?

ಉತ್ತರ: ನಮಸ್ಕಾರ ಸರ್. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಅದು ಸುಲಭ. ಇಲ್ಲ, ನಿಲ್ಲಿಸಿಲ್ಲ. ಓವನ್ ಕವಿತೆಗಳು ಪುಸ್ತಕವಾಗಿ ಬಂದದ್ದು 1920ರಲ್ಲಿ. ಅದಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ ಇನ್ನೂ ದೊಡ್ಡ ಯುದ್ಧ ಶುರುವಾಯಿತು. ಕವಿತೆಯಿಂದ ಯುದ್ಧ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ನಿಮ್ಮನ್ನು ಕಾಡುತ್ತಿರುವುದು ಆ ಪ್ರಶ್ನೆ ಅಲ್ಲ ಅನ್ನಿಸುತ್ತದೆ. ಜೊತೆಯವರ ಸಾವನ್ನು ಯಾವನೋ ಕವಿ ಹಗುರ ಮಾಡಿಬಿಟ್ಟನಲ್ಲ ಅನ್ನುವ ನೋವು ಅದು. ಹಾಗಾಗಿ ಈ ಓವನ್ ಯಾರು ಅನ್ನುವುದರಿಂದ ಶುರು ಮಾಡುತ್ತೇನೆ. ಪಠ್ಯಪುಸ್ತಕಗಳು 'ಯುದ್ಧವಿರೋಧಿ ಕವಿ' ಅಂತ ಹಣೆಪಟ್ಟಿ ಹಚ್ಚಿ ಮುಂದೆ ಹೋಗಿಬಿಡುತ್ತವೆ. ಯಾರೋ ಮನೆಯಲ್ಲಿ ಬೆಚ್ಚಗೆ ಕೂತು ಬರೆದವನು ಅಂತ ಓದಿದವರಿಗೆ ಅನ್ನಿಸಿದರೆ ಅದು ಓದಿದವರ ತಪ್ಪಲ್ಲ.

ವಿಲ್ಫ್ರೆಡ್ ಓವನ್ ನಿಮ್ಮ ಹಾಗೆ ಸೈನಿಕ. ಇಂಗ್ಲೆಂಡಿನ ಆಸ್ವೆಸ್ಟ್ರಿ ಎಂಬ ಊರಿನಲ್ಲಿ 1893ರಲ್ಲಿ ಹುಟ್ಟಿದವನು. ಮೊದಲ ಮಹಾಯುದ್ಧ ಶುರುವಾದಾಗ ಫ್ರಾನ್ಸಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದ. 1915ರಲ್ಲಿ ತಾನಾಗಿಯೇ ಸೇನೆಗೆ ಸೇರಿದ. ಮ್ಯಾಂಚೆಸ್ಟರ್ ರೆಜಿಮೆಂಟಿನ ಅಧಿಕಾರಿಯಾಗಿ 1917ರ ಜನವರಿ ಚಳಿಯಲ್ಲಿ ಮುಂಚೂಣಿಗೆ ಹೋದ. ಕೆಲವೇ ತಿಂಗಳಲ್ಲಿ ಶೆಲ್ ಸಿಡಿತಕ್ಕೆ ಸಿಕ್ಕಿದ. ಮೈಗೆ ದೊಡ್ಡ ಗಾಯವಾಗಲಿಲ್ಲ, ಮನಸ್ಸು ಕದಡಿಹೋಯಿತು. ಆಗ ಅದನ್ನು ಶೆಲ್ ಶಾಕ್ ಅನ್ನುತ್ತಿದ್ದರು. ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಎಂಬ ಸೇನಾ ಆಸ್ಪತ್ರೆಗೆ ಕಳಿಸಿದರು. ನಿಮ್ಮ ಮಗಳ ಪಠ್ಯದಲ್ಲಿರುವ ಕವಿತೆಯ ಕರಡು ತಯಾರಾದದ್ದು ಅಲ್ಲೇ, 1917ರ ಅಕ್ಟೋಬರಿನಲ್ಲಿ.

ವಾಸಿಯಾದ ಮೇಲೆ ಇಂಗ್ಲೆಂಡಿನಲ್ಲೇ ಉಳಿಯುವ ದಾರಿ ಹುಡುಕಬಹುದಿತ್ತು. ಅವನು 1918ರ ಆಗಸ್ಟ್ ಕೊನೆಗೆ ಮತ್ತೆ ಫ್ರಾನ್ಸಿಗೆ ಹೋದ. ಯಾಕೆ ಹೋದೆ ಅನ್ನುವುದನ್ನು ತಾಯಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಈ ಹುಡುಗರಿಗೆ ನೆರವಾಗಲು ಬಂದೆ, ಅಧಿಕಾರಿಯಾಗಿ ಅವರನ್ನು ಮುನ್ನಡೆಸುವುದು ಒಂದು ನೆರವು, ಅವರ ಸಂಕಟ ನೋಡಿ ಮುಂದೆ ವಕೀಲನ ಹಾಗೆ ಅವರ ಪರ ಮಾತಾಡುವುದು ಇನ್ನೊಂದು ನೆರವು, ಇದು ಅವನ ಮಾತಿನ ಸಾರ. ಅಕ್ಟೋಬರಿನ ಒಂದು ದಾಳಿಯಲ್ಲಿ ಶತ್ರುವಿನ ಮೆಷಿನ್ ಗನ್ ಹಿಡಿದದ್ದಕ್ಕೆ ಮಿಲಿಟರಿ ಕ್ರಾಸ್ ಸಿಕ್ಕಿತು. ನವೆಂಬರ್ 4ರಂದು ಫ್ರಾನ್ಸಿನ ಓರ್ಸ್ ಎಂಬ ಊರಿನ ಹತ್ತಿರ ಕಾಲುವೆ ದಾಟುವ ಕಾರ್ಯಾಚರಣೆಯಲ್ಲಿ ಸತ್ತ. ವಯಸ್ಸು 25. ಸರಿಯಾಗಿ ಒಂದು ವಾರಕ್ಕೆ ಯುದ್ಧ ಮುಗಿಯಿತು. ನವೆಂಬರ್ 11ರಂದು ಕದನವಿರಾಮದ ಖುಷಿಗೆ ಊರಲ್ಲಿ ಚರ್ಚ್ ಗಂಟೆ ಬಾರಿಸುತ್ತಿದ್ದಾಗ ಅವನ ತಂದೆತಾಯಿಗೆ ತಂತಿ ಬಂತು. ಬದುಕಿದ್ದಾಗ ಅವನ ಕವಿತೆಗಳಲ್ಲಿ ಅಚ್ಚಾದದ್ದು ಬೆರಳೆಣಿಕೆಯಷ್ಟು.

ಈಗ ಕವಿತೆಗೆ ಬರೋಣ. ಮಗಳಿಗೆ ಇನ್ನೊಮ್ಮೆ ಓದಲು ಹೇಳಿ. ಈ ಸಲ ಕೊನೆಯ ಸಾಲಿಗೆ ಓಡಬೇಡಿ. ಅದು ಶುರುವಾಗುವುದು ಸುಸ್ತಾದವರ ನಡಿಗೆಯಿಂದ. ಮುಂಚೂಣಿಯಿಂದ ವಿಶ್ರಾಂತಿಗೆಂದು ಹಿಂದಕ್ಕೆ ನಡೆಯುತ್ತಿರುವ ತುಕಡಿ. ಮೂಟೆ ಹೊತ್ತ ಮುದಿ ಭಿಕ್ಷುಕರ ಹಾಗೆ ಬೆನ್ನು ಬಾಗಿದೆ, ಕೆಮ್ಮು ಹತ್ತಿದೆ. ನಿದ್ದೆ ಮಾಡಿಕೊಂಡೇ ನಡೆಯುತ್ತಿದ್ದಾರೆ. ಎಷ್ಟೋ ಜನರ ಬೂಟು ಕಳೆದಿದೆ, ಕಾಲಲ್ಲಿ ರಕ್ತವೇ ಬೂಟಿನ ಹಾಗೆ ಮೆತ್ತಿಕೊಂಡಿದೆ. ಹಿಂದೆ ಬೀಳುತ್ತಿರುವ ಶೆಲ್‌ಗಳ ಸದ್ದೂ ಕಿವಿಗೆ ಹತ್ತುತ್ತಿಲ್ಲ. ಅಷ್ಟರಲ್ಲಿ ಯಾರೋ ಗ್ಯಾಸ್ ಅಂತ ಕೂಗುತ್ತಾರೆ. ಎಲ್ಲರೂ ತಡಕಾಡಿ ಮುಖವಾಡ ಹಾಕಿಕೊಳ್ಳುತ್ತಾರೆ. ಒಬ್ಬನಿಗೆ ಆಗುವುದಿಲ್ಲ. ಮುಖವಾಡದ ಮಬ್ಬು ಗಾಜಿನಿಂದ, ಹಸಿರು ಬೆಳಕಿನಲ್ಲಿ, ಅವನು ಸಮುದ್ರದಲ್ಲಿ ಮುಳುಗುವವನ ಹಾಗೆ ಒದ್ದಾಡುವುದು ಕಾಣುತ್ತದೆ. ಆಮೇಲೆ ಅವನನ್ನು ಗಾಡಿಗೆ ಹಾಕಿಕೊಂಡು ಹೋಗುತ್ತಾರೆ. ಗಾಡಿ ಕುಲುಕಿದಾಗಲೆಲ್ಲ ಹಾಳಾದ ಶ್ವಾಸಕೋಶದಿಂದ ರಕ್ತ ಗೊರಗೊರ ಎನ್ನುತ್ತಾ ಬರುತ್ತದೆ.

ವಿಷಾನಿಲವನ್ನು ಪಶ್ಚಿಮ ರಣರಂಗದಲ್ಲಿ ಜರ್ಮನರು ದೊಡ್ಡ ಪ್ರಮಾಣದಲ್ಲಿ ಮೊದಲು ಬಿಟ್ಟದ್ದು 1915ರ ಏಪ್ರಿಲ್ 22ರಂದು, ಬೆಲ್ಜಿಯಮ್ಮಿನ ಈಪ್ರ ಎಂಬಲ್ಲಿ. ಆಮೇಲೆ ಎರಡೂ ಕಡೆಯವರು ಬಳಸಿದರು. ಓವನ್ ಯಾರ ಗ್ಯಾಸ್ ಅಂತಲೂ ಹೇಳುವುದಿಲ್ಲ. ಕವಿತೆಯಲ್ಲಿ ಶತ್ರುವೇ ಕಾಣಿಸುವುದಿಲ್ಲ.

ಈಗ ಕೊನೆಗೆ ಬನ್ನಿ. ಅಲ್ಲಿ ಓವನ್ ಯಾರನ್ನೋ 'ನನ್ನ ಸ್ನೇಹಿತ' ಅಂತ ಕರೆದು ಹೇಳುತ್ತಾನೆ: ಆ ಗಾಡಿಯ ಹಿಂದೆ ನೀನೂ ನಡೆದಿದ್ದರೆ, ಕೀರ್ತಿಗೆ ಹಾತೊರೆಯುವ ಮಕ್ಕಳಿಗೆ ಅಷ್ಟು ಹುರುಪಿನಿಂದ ಆ ಹಳೆಯ ಸುಳ್ಳನ್ನು ಹೇಳುತ್ತಿರಲಿಲ್ಲ. ಸುಳ್ಳು ಹೇಳುತ್ತಿರುವವನು ಸತ್ತ ಸೈನಿಕನಲ್ಲ, ಗಮನಿಸಿ. ಊರಲ್ಲಿ ಕೂತು ಹುಡುಗರನ್ನು ಹುರಿದುಂಬಿಸುತ್ತಿರುವ ಆ 'ಸ್ನೇಹಿತ'. ಕರಡಿನಲ್ಲಿ ಓವನ್ ಕವಿತೆಯನ್ನು ವ್ಯಂಗ್ಯವಾಗಿ ಜೆಸ್ಸಿ ಪೋಪ್ ಅನ್ನುವವರಿಗೆ ಅರ್ಪಿಸಿದ್ದ. ಆಕೆ ಆ ಕಾಲದಲ್ಲಿ ಡೈಲಿ ಮೇಲ್ ಪತ್ರಿಕೆಗೆ ಸೇನಾ ಭರ್ತಿಯ ಪದ್ಯಗಳನ್ನು ಬರೆಯುತ್ತಿದ್ದರು. ಒಂದು ಪದ್ಯದಲ್ಲಂತೂ ಯುದ್ಧವನ್ನು ಆಟಕ್ಕೆ ಹೋಲಿಸಿ, ಯಾರು ಆಡುತ್ತೀರಿ, ಯಾರು ಸುಮ್ನೆ ಕೂತು ನೋಡುತ್ತೀರಿ ಅಂತ ಹುಡುಗರನ್ನು ಕೆಣಕಿದ್ದರು.

ಹಳೆಯ ಸುಳ್ಳು ಅಂತ ಓವನ್ ಕರೆದದ್ದು ರೋಮಿನ ಕವಿ ಹೊರೇಸನ ಒಂದು ಸಾಲನ್ನು: ದೇಶಕ್ಕಾಗಿ ಸಾಯುವುದು ಸಿಹಿ, ಅದೇ ಯೋಗ್ಯ. ಎರಡು ಸಾವಿರ ವರ್ಷದ ಸಾಲು. ಇಂಗ್ಲೆಂಡಿನ ಶಾಲೆಗಳಲ್ಲಿ ಲ್ಯಾಟಿನ್ ಕಲಿತ ಹುಡುಗರಿಗೆಲ್ಲ ಗೊತ್ತಿದ್ದದ್ದು. ಯುದ್ಧಕ್ಕೆ ಸ್ವಲ್ಪ ಮೊದಲು, 1913ರಲ್ಲಿ, ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆಯಲ್ಲೂ ಕೆತ್ತಿಸಿದರು. ಒಂದು ತಮಾಷೆ ಹೇಳಲೇಬೇಕು. ಹೊರೇಸ್ ಕೂಡ ಒಂದು ಯುದ್ಧಕ್ಕೆ ಹೋಗಿದ್ದ, ಫಿಲಿಪ್ಪಿ ಎಂಬಲ್ಲಿ ನಡೆದದ್ದು. ಅಲ್ಲಿ ಗುರಾಣಿ ಬಿಸಾಕಿ ಓಡಿಹೋದೆ ಅಂತ ಇನ್ನೊಂದು ಪದ್ಯದಲ್ಲಿ ಅವನೇ ಬರೆದುಕೊಂಡಿದ್ದಾನೆ. ಸಾಯುವುದು ಸಿಹಿ ಅಂದವನು ರುಚಿ ನೋಡಲು ನಿಲ್ಲಲಿಲ್ಲ!

ಹಾಗಾಗಿ ಸರ್, ನಿಮ್ಮ ಜೊತೆಯವರು ಸತ್ತದ್ದು ಸುಳ್ಳಿಗಾಗಿ ಅಂತ ಈ ಕವಿತೆ ಹೇಳುತ್ತಿಲ್ಲ. ಅವರ ಸಾವು ಸಿಹಿಯಾಗಿತ್ತು ಅಂತ, ಅಲ್ಲಿ ಇಲ್ಲದವರು ಹೇಳಬಾರದು ಅನ್ನುತ್ತಿದೆ. ಸಿಹಿ ಅಂತ ನೀವೂ ಹೇಳಲಾರಿರಿ ಅನ್ನಿಸುತ್ತದೆ. ನಾನು ಬಲ್ಲ ನಿವೃತ್ತ ಸೈನಿಕರು ಯಾರೂ ಆ ಮಾತು ಆಡಿದ್ದನ್ನು ಕೇಳಿಲ್ಲ. ಜೋರಾಗಿ ಆಡುವವರು ಬೇರೆಯವರು.

ಹೊರೇಸನ ಸಾಲು ನಮಗೆ ದೂರದ್ದೇನೂ ಅಲ್ಲ. ನಿಮ್ಮ ಜಿಲ್ಲೆಯಲ್ಲಿ ವೀರಗಲ್ಲು ಇಲ್ಲದ ಕಡೆ ಹುಡುಕುವುದೇ ಕಷ್ಟ. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರುವುದು. ಕರ್ನಾಟಕದ ಎಷ್ಟೋ ವೀರಗಲ್ಲುಗಳಲ್ಲಿ ಒಂದೇ ಸಂಸ್ಕೃತ ಶ್ಲೋಕ ಮತ್ತೆ ಮತ್ತೆ ಬರುತ್ತದೆ: ಜಿತೇನ ಲಭ್ಯತೇ ಲಕ್ಷ್ಮೀ, ಮೃತೇನಾಪಿ ಸುರಾಂಗನಾ. ಗೆದ್ದರೆ ಸಿರಿ ಸಿಗುತ್ತದೆ, ಸತ್ತರೆ ದೇವಲೋಕದ ಹೆಣ್ಣು. ಕ್ಷಣದಲ್ಲಿ ಅಳಿಯುವ ಮೈ ಇದು, ರಣದಲ್ಲಿ ಸಾಯುವುದಕ್ಕೆ ಚಿಂತೆ ಯಾಕೆ ಅಂತ ಮುಂದಿನ ಸಾಲು. ಇದನ್ನು ಹಂಗಿಸಲು ಹೇಳುತ್ತಿಲ್ಲ. ಆ ಕಲ್ಲುಗಳಲ್ಲಿರುವ ಎಷ್ಟೋ ಜನ ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವರು, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ನಿಂತವರು. ಕಲ್ಲು ನಿಲ್ಲಿಸಿದವರ ಕೃತಜ್ಞತೆ ನಿಜವಾದದ್ದು.

ಆದರೆ ಶ್ಲೋಕ ಎರಡೇ ಲೆಕ್ಕ ಹಾಕುತ್ತದೆ. ಗೆದ್ದವನು, ಸತ್ತವನು. ಕಾಲು ಕಳೆದುಕೊಂಡು ಮನೆಗೆ ಬಂದವನ ಮಾತೇ ಇಲ್ಲ.

ಓವನ್ ಆ ಮೂರನೆಯವನ ಬಗ್ಗೆ ಒಂದು ಕವಿತೆ ಬರೆದಿದ್ದಾನೆ. 'ಡಿಸೇಬಲ್ಡ್' ಅಂತ ಹೆಸರು. ನನಗೆ ಕೇಳಿದರೆ ಪಠ್ಯದಲ್ಲಿ ಇರಬೇಕಾದದ್ದು ಇದು. ಒಬ್ಬ ಹುಡುಗ ಗಾಲಿಕುರ್ಚಿಯಲ್ಲಿ ಕೂತು ಕತ್ತಲಾಗುವುದನ್ನು ಕಾಯುತ್ತಿದ್ದಾನೆ. ಎರಡೂ ಕಾಲಿಲ್ಲ. ಪಾರ್ಕಿನಿಂದ ಆಟವಾಡುವ ಹುಡುಗರ ದನಿ ಕೇಳುತ್ತಿದೆ. ಅವನೂ ಒಳ್ಳೆಯ ಫುಟ್‌ಬಾಲ್ ಆಟಗಾರ. ಒಂದು ದಿನ ಆಟ ಮುಗಿದ ಮೇಲೆ ಕುಡಿದ ಅಮಲಿನಲ್ಲಿ ಸೇನೆಗೆ ಸೇರಿಬಿಟ್ಟ. ಸ್ಕಾಟಿಷ್ ರೆಜಿಮೆಂಟಿನ ಸಮವಸ್ತ್ರದಲ್ಲಿ ದೇವರ ಹಾಗೆ ಕಾಣುತ್ತೀಯ ಅಂತ ಯಾರೋ ಹೇಳಿದ್ದರು. ಯಾವಳೋ ಹುಡುಗಿಗೆ ತೋರಿಸಿಕೊಳ್ಳುವ ಆಸೆಯೂ ಇತ್ತು. ವಯಸ್ಸು ಸಾಲದು, ಹತ್ತೊಂಬತ್ತು ಅಂತ ಸುಳ್ಳು ಹೇಳಿದ. ಭರ್ತಿ ಮಾಡಿಕೊಳ್ಳುವವರು ನಗುತ್ತಾ ಬರೆದುಕೊಂಡರು. ಹೋಗುವಾಗ ಡೋಲು, ಜೈಕಾರ. ಬಂದಾಗ ಕೆಲವರು ಜೈ ಅಂದರು, ಆದರೆ ಗೋಲು ಹೊಡೆದಾಗ ಕೂಗುತ್ತಿದ್ದಷ್ಟು ಜೋರಾಗಿ ಅಲ್ಲ. ಈಗ ಹೆಂಗಸರ ಕಣ್ಣು ಅವನ ಮೇಲೆ ಬಿದ್ದು, ಕೈಕಾಲು ಸರಿ ಇರುವ ಗಂಡಸರ ಕಡೆ ಜಾರಿಹೋಗುತ್ತದೆ. ಅದು ಅವನಿಗೆ ಕಾಣುತ್ತದೆ. ಹೊತ್ತಾಯಿತು, ಚಳಿಯಾಗುತ್ತಿದೆ, ಯಾಕೆ ಯಾರೂ ಬಂದು ನನ್ನನ್ನು ಮಲಗಿಸುತ್ತಿಲ್ಲ ಅನ್ನುವಲ್ಲಿಗೆ ಕವಿತೆ ಮುಗಿಯುತ್ತದೆ.

ಅದರಲ್ಲಿ ಯುದ್ಧ ಕೆಟ್ಟದ್ದು ಅನ್ನುವ ಒಂದು ವಾಕ್ಯವೂ ಇಲ್ಲ. ಯಾರ ಮೇಲೂ ಆರೋಪ ಇಲ್ಲ. ನಗುತ್ತಾ ವಯಸ್ಸು ಬರೆದುಕೊಂಡವರು ಇದ್ದಾರೆ, ಅಷ್ಟೆ. ಇಂಥ ಕವಿತೆ ಹಳೆಯದಾಗದಿರುವುದು ಇದಕ್ಕೇ ಅಂತ ನನ್ನ ಅನಿಸಿಕೆ. ಯುದ್ಧದ ಕಾರಣಗಳು ಹಳೆಯದಾಗುತ್ತವೆ. 1914ರಲ್ಲಿ ಯಾವ ದೇಶ ಯಾವ ದೇಶದ ಮೇಲೆ ಯಾಕೆ ಹರಿಹಾಯ್ದಿತು ಅನ್ನುವುದನ್ನು ಪರೀಕ್ಷೆಗೆ ಓದಿದವರೂ ಮರೆಯುತ್ತಾರೆ. ಮಲಗಿಸುವವರಿಗಾಗಿ ಕಾಯುವ ಹುಡುಗ ಮಾತ್ರ ಪ್ರತಿ ಯುದ್ಧದ ನಂತರ ಇನ್ನೊಂದು ಊರಲ್ಲಿ ಇರುತ್ತಾನೆ. ನಿಮಗೆ ಅಂಥವರು ಗೊತ್ತಿರಬಹುದು. ನಾವು ಕವಿತೆಯಲ್ಲಿ ಓದಿ ತಿಳಿಯಬೇಕು.

ಬೇರೆಯವರ ಯುದ್ಧ ಅಂದಿರಲ್ಲ, ಅದು ಪೂರ್ತಿ ಹಾಗಿಲ್ಲ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಹೋದರು. 70 ಸಾವಿರಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸಿಪಾಯಿಗಳು ಫ್ರಾನ್ಸಿನಿಂದ, ಇಂಗ್ಲೆಂಡಿನ ಆಸ್ಪತ್ರೆಗಳಿಂದ ಬರೆದ ಪತ್ರಗಳನ್ನು ಬ್ರಿಟಿಷರು ತೆರೆದು ಓದುತ್ತಿದ್ದರು. ಕೆಲವನ್ನು ಇಂಗ್ಲಿಷಿಗೆ ಮಾಡಿಸಿ ಕಡತಕ್ಕೆ ಸೇರಿಸುತ್ತಿದ್ದರು. ಹಾಗಾಗಿ ಅವು ಇವತ್ತಿಗೂ ಉಳಿದಿವೆ. 1915ರಲ್ಲಿ ಗಾಯಗೊಂಡ ಒಬ್ಬ ಸಿಪಾಯಿ ಮನೆಗೆ ಬರೆದ: ಇದು ಯುದ್ಧ ಅಲ್ಲ, ಪ್ರಪಂಚದ ಕೊನೆ, ನಮ್ಮ ಹಿರಿಯರ ಬಗ್ಗೆ ಮಹಾಭಾರತದಲ್ಲಿ ಹೇಳಿದೆಯಲ್ಲ, ಅಂಥ ಯುದ್ಧ. ಅವನು ಕವಿಯಲ್ಲ. ಆದರೆ ಬಾಯಿಗೆ ಬಂದದ್ದು ಓದಿದ, ಕೇಳಿದ ಕಾವ್ಯವೇ. ಕಂಡದ್ದನ್ನು ಹೇಳಲು ಬೇರೆ ಅಳತೆ ಸಿಗಲಿಲ್ಲ.

ಮಹಾಭಾರತ ಅಂದ ಕೂಡಲೇ ನನಗೆ ನೆನಪಾಗುವುದು ನಮ್ಮ ರನ್ನ. ಹತ್ತನೆಯ ಶತಮಾನದ ಕೊನೆಯವನು, ಚಾಳುಕ್ಯರ ಆಸ್ಥಾನದಲ್ಲಿದ್ದ. ಅವನ ಗದಾಯುದ್ಧ ಯುದ್ಧವಿರೋಧಿ ಕಾವ್ಯ ಅಲ್ಲವೇ ಅಲ್ಲ. ಸತ್ಯಾಶ್ರಯ ಎಂಬ ರಾಜನ ಪರಾಕ್ರಮ ಹೊಗಳಲು, ಅವನನ್ನು ಭೀಮನಿಗೆ ಸಮೀಕರಿಸಿ ಬರೆದದ್ದು. ಆದರೆ ನಡುವೆ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದು ಹೋಗುವ ಭಾಗ ಬರುತ್ತದೆ. ಭೀಷ್ಮರನ್ನು ನೋಡಲು ಹೊರಟಿದ್ದಾನೆ. ದಾರಿ ತುಂಬ ಹೆಣ, ರಕ್ತ. ನೂರು ಯೋಜನೆ ಹಾಕಿದ ರಾಜ ಈಗ ಒಬ್ಬೊಬ್ಬರ ಶವದ ಮುಂದೆ ನಿಲ್ಲಬೇಕು. ದ್ರೋಣ, ದುಶ್ಶಾಸನ, ಕರ್ಣ. ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡಾಗ ನಿಂತು ಮೆಚ್ಚುತ್ತಾನೆ, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ನನಗೆ ಸಿಗಲಿ ಅನ್ನುತ್ತಾನೆ. ಆಮೇಲೆ ಸ್ವಂತ ಮಗ ಲಕ್ಷಣಕುಮಾರ ಸಿಗುತ್ತಾನೆ. ಅಪ್ಪನಿಗೆ ಮಗ ತರ್ಪಣ ಬಿಡುವುದು ಸರಿ, ಅದು ಕೆಟ್ಟು ಈಗ ನಿನಗೆ ನಾನು ಬಿಡುವ ಹಾಗಾಯಿತಲ್ಲ, ನೀನು ಕ್ರಮವನ್ನೇ ತಿರುಗಾಮುರುಗಾ ಮಾಡಿದೆಯಲ್ಲ ಮಗನೇ ಅನ್ನುವ ಪದ್ಯ ನಿಮ್ಮ ಮಗಳಿಗೆ ಕನ್ನಡ ಪಠ್ಯದಲ್ಲಿ ಸಿಕ್ಕಿರಲೂಬಹುದು.

ಇಷ್ಟಾದ ಮೇಲೆ ದುರ್ಯೋಧನ ಸಂಧಿಗೆ ಒಪ್ಪುತ್ತಾನಾ? ಇಲ್ಲ. ಛಲ ಇನ್ನೂ ಗಟ್ಟಿಯಾಗುತ್ತದೆ. ರನ್ನ ಅಲ್ಲಿ ಉಪದೇಶ ಮಾಡಿಸಿಲ್ಲ, ಅದು ಅವನ ದೊಡ್ಡತನ. ರಾಜನನ್ನು ಹೊಗಳಲು ಕೂತ ಕವಿಯೂ ಆ ಹೆಣಗಳ ನಡುವೆ ತನ್ನ ಪಾತ್ರವನ್ನು ನಡೆಸದೆ ಬಿಡಲಿಲ್ಲ. ಅದೇ ಕುರುಕ್ಷೇತ್ರವನ್ನು ಕುವೆಂಪು ಮೊದಲ ಮಹಾಯುದ್ಧದ ನಂತರದ ಕಾಲದಲ್ಲಿ 'ಸ್ಮಶಾನ ಕುರುಕ್ಷೇತ್ರಂ' ಅಂತ ನಾಟಕ ಮಾಡಿದರು. ಹೆಸರೇ ಮುಕ್ಕಾಲು ಹೇಳಿಬಿಡುತ್ತದೆ.

ಅಪ್ಪ ಮಗನನ್ನು ಮಣ್ಣು ಮಾಡುವುದು, ಯುದ್ಧದ ಬಗ್ಗೆ ಬರೆದವರೆಲ್ಲ ಎಲ್ಲೇ ಹುಟ್ಟಿರಲಿ, ಈ ಜಾಗಕ್ಕೆ ಬಂದು ನಿಲ್ಲುತ್ತಾರೆ. ಶಾಂತಿಯಲ್ಲಿ ಮಕ್ಕಳು ತಂದೆಯರನ್ನು ಹೂಳುತ್ತಾರೆ, ಯುದ್ಧದಲ್ಲಿ ತಂದೆಯರು ಮಕ್ಕಳನ್ನು ಹೂಳುತ್ತಾರೆ ಅಂತ ಗ್ರೀಸಿನ ಇತಿಹಾಸಕಾರ ಹೆರೊಡೋಟಸ್ ಒಬ್ಬ ಸೋತ ರಾಜನ ಬಾಯಲ್ಲಿ ಹೇಳಿಸಿದ. ಓವನ್ ಬೈಬಲ್ಲಿನ ಕಥೆಯನ್ನೇ ಎತ್ತಿಕೊಂಡ. ಅಬ್ರಹಾಮ ದೇವರ ಆಣತಿಯಂತೆ ಮಗ ಐಸಾಕನನ್ನು ಬಲಿ ಕೊಡಲು ಹೊರಟಾಗ, ಬೇಡ, ಬದಲಿಗೆ ಟಗರನ್ನು ಕೊಡು ಅಂತ ದೇವದೂತ ತಡೆಯುತ್ತಾನೆ. ಬೈಬಲ್ಲಿನಲ್ಲಿ ಅಬ್ರಹಾಮ ಕೇಳುತ್ತಾನೆ. ಓವನ್ ಕವಿತೆಯಲ್ಲಿ ಮುದುಕ ಕೇಳುವುದಿಲ್ಲ. ಮಗನನ್ನು ಕೊಲ್ಲುತ್ತಾನೆ, ಜೊತೆಗೆ ಯೂರೋಪಿನ ಅರ್ಧ ಸಂತತಿಯನ್ನು, ಒಬ್ಬೊಬ್ಬರನ್ನಾಗಿ. ಸಾಮ್ರಾಜ್ಯದ ಕವಿ ಅನ್ನಿಸಿಕೊಂಡ ರುಡ್ಯಾರ್ಡ್ ಕಿಪ್ಲಿಂಗ್ ಕತೆ ಇನ್ನೂ ಕಷ್ಟದ್ದು. ಮಗನಿಗೆ ಕಣ್ಣು ಸರಿಯಿರಲಿಲ್ಲ, ಸೇನೆ ಬೇಡ ಅಂದಿತ್ತು. ಪರಿಚಯದವರಿಗೆ ಹೇಳಿ ಸೇರಿಸಿದ್ದು ಅಪ್ಪನೇ. 1915ರಲ್ಲಿ ಲೂಸ್ ಕದನದಲ್ಲಿ ಮಗ ಹೋದ, 18 ವರ್ಷ. ಆಮೇಲೆ ಕಿಪ್ಲಿಂಗ್ ಎರಡು ಸಾಲಿನ ಒಂದು ಪದ್ಯ ಬರೆದರು: ನಾವು ಯಾಕೆ ಸತ್ತೆವು ಅಂತ ಯಾರಾದರೂ ಕೇಳಿದರೆ, ನಮ್ಮ ಅಪ್ಪಂದಿರು ಸುಳ್ಳು ಹೇಳಿದ್ದಕ್ಕೆ ಅನ್ನಿ. ಆ ಸುಳ್ಳು ಯಾವುದು ಅನ್ನುವುದರ ಬಗ್ಗೆ ವಿಮರ್ಶಕರು ಇನ್ನೂ ಜಗಳ ಆಡುತ್ತಾರೆ. ಯುದ್ಧಕ್ಕೆ ತಯಾರಿ ಮಾಡಿಕೊಳ್ಳದ ಹಿರಿಯರನ್ನು ಬೈದದ್ದು ಅಂತಲೂ ಒಂದು ಓದು ಇದೆ.

ಸೈನಿಕರಲ್ಲದವರೂ ಬರೆದಿದ್ದಾರೆ. ಅವರಲ್ಲಿ ನನಗೆ ಇಷ್ಟವಾದವರು ಜಪಾನಿನ ಯೋಸಾನೊ ಅಕಿಕೊ. 1904ರಲ್ಲಿ ರಷ್ಯಾ ವಿರುದ್ಧದ ಯುದ್ಧಕ್ಕೆ ಅವರ ತಮ್ಮ ಹೋಗಿದ್ದ. ಸಾಯಬೇಡ ತಮ್ಮ, ಅಂತ ಅಕ್ಕ ಬರೆದ ಕವಿತೆ ಅದು. ಅಪ್ಪ ಅಮ್ಮ ನಿನ್ನ ಕೈಗೆ ಕತ್ತಿ ಕೊಟ್ಟು, ಕೊಂದು ಸಾಯಿ ಅಂತ ಹೇಳಿ ಇಪ್ಪತ್ತನಾಲ್ಕು ವರ್ಷ ಸಾಕಿದರಾ? ನೀನು ಸಕಾಯ್ ಊರಿನ ವ್ಯಾಪಾರದ ಮನೆತನದವನು, ಪೋರ್ಟ್ ಆರ್ಥರ್ ಕೋಟೆ ಬಿದ್ದರೇನು, ಉಳಿದರೇನು? ಚಕ್ರವರ್ತಿ ತಾನೇನೂ ಯುದ್ಧಕ್ಕೆ ಹೋಗುವುದಿಲ್ಲ ಅಂತಲೂ ಬರೆದರು. ದೇಶದ್ರೋಹಿ ಅಂತ ಬೈಸಿಕೊಂಡರು. ತಮ್ಮ ಬದುಕಿ ಬಂದ. ಆದರೆ ಇದೇ ಅಕಿಕೊ 1930ರ ನಂತರ ಜಪಾನಿನ ಯುದ್ಧಗಳನ್ನು ಹೊಗಳಿಯೂ ಪದ್ಯ ಬರೆದರು. ಇದನ್ನು ಮುಚ್ಚಿಟ್ಟು ಪಾಠ ಮಾಡುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಯುದ್ಧದ ಗಾಳಿ ಎದ್ದಾಗ ಅಂಥ ಅಕ್ಕನೂ ಅದರ ಜೊತೆ ಹೋದರು ಅನ್ನುವುದು ತಿಳಿಯಬೇಕಾದ ವಿಷಯ. ಅವರು ಬದಲಾದರು, ಕವಿತೆ ಬದಲಾಗಲಿಲ್ಲ. ಈಗ ಜನ ಓದುವುದು ಮೊದಲಿನದನ್ನೇ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಮಾಡಲೇಬೇಕಾದ ಯುದ್ಧ ಬಂದರೆ? ಹಿಟ್ಲರನನ್ನು ಕವಿತೆ ಓದಿ ತಡೆಯುವುದು ಸಾಧ್ಯವಿತ್ತಾ? ಇರಲಿಲ್ಲ. ಕೀತ್ ಡಗ್ಲಸ್ ಎಂಬ ಇಂಗ್ಲಿಷ್ ಕವಿ ಆ ಯುದ್ಧದಲ್ಲಿ ಟ್ಯಾಂಕ್ ಅಧಿಕಾರಿ. ಉತ್ತರ ಆಫ್ರಿಕಾದಲ್ಲಿ ಹೋರಾಡಿದ, 1944ರ ಜೂನಿನಲ್ಲಿ ನಾರ್ಮಂಡಿಯಲ್ಲಿ 24ನೇ ವಯಸ್ಸಿಗೆ ಸತ್ತ. ಯುದ್ಧ ಬೇಡ ಅಂದವನಲ್ಲ. ಅವನ ಒಂದು ಕವಿತೆಯಲ್ಲಿ, ಕದನ ನಡೆದು ಮೂರು ವಾರದ ಮೇಲೆ ಅದೇ ಜಾಗಕ್ಕೆ ಬಂದಾಗ ತಮ್ಮ ಟ್ಯಾಂಕಿಗೆ ಗುಂಡು ಹಾರಿಸಿದ್ದ ಜರ್ಮನ್ ಸೈನಿಕನ ಹೆಣ ಬಿಸಿಲಲ್ಲಿ ಬಿದ್ದಿದೆ. ಪಕ್ಕದಲ್ಲಿ ಅವನ ಹುಡುಗಿಯ ಫೋಟೊ, ಅದರ ಮೇಲೆ ಅವಳ ಕೈಬರಹದಲ್ಲಿ 'ನನ್ನನ್ನು ಮರೆಯಬೇಡ'. ಗುಂಡು ಹಾರಿಸಿದವನ ಮೇಲೆ ಸಿಟ್ಟೂ ಇದೆ, ಆ ಹುಡುಗಿ ಈಗ ಇವನನ್ನು ನೋಡಿದರೆ ಅನ್ನುವ ಸಂಕಟವೂ ಇದೆ. ಎರಡನ್ನೂ ಕವಿತೆ ಹಾಗೇ ಬಿಟ್ಟಿದೆ. ಶತ್ರುವನ್ನು ಸೋಲಿಸಬೇಕು ಅಂದುಕೊಂಡೇ ಅವನ ಹೆಣದ ಮುಂದೆ ಹೀಗೆ ನಿಂತ ಕವಿತೆಯನ್ನೂ ನಾನು ಯುದ್ಧವಿರೋಧಿ ಕವಿತೆ ಅನ್ನುತ್ತೇನೆ. ಒಪ್ಪದವರೂ ಇದ್ದಾರೆ.

ಹಾಗಂತ ಯುದ್ಧ ಬೇಡ ಅಂದದ್ದೆಲ್ಲ ಒಳ್ಳೆಯ ಕವಿತೆಯಾಗುವುದಿಲ್ಲ. 2003ರಲ್ಲಿ ಇರಾಕ್ ಯುದ್ಧಕ್ಕೆ ಮೊದಲು ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಶ್ ಶ್ವೇತಭವನದಲ್ಲಿ ಕಾವ್ಯಗೋಷ್ಠಿ ಕರೆದಿದ್ದರು. ಸ್ಯಾಮ್ ಹ್ಯಾಮಿಲ್ ಎಂಬ ಕವಿ ಆಹ್ವಾನ ನಿರಾಕರಿಸಿ, ಯುದ್ಧ ಬೇಡ ಅನ್ನುವ ಕವಿತೆ ಕಳಿಸಿ ಅಂತ ಗೆಳೆಯರಿಗೆ ಬರೆದರು. ಸುದ್ದಿ ತಿಳಿದು ಗೋಷ್ಠಿಯನ್ನೇ ಮುಂದೂಡಿದರು. ಹ್ಯಾಮಿಲ್‌ಗೆ ಸಾವಿರಾರು ಕವಿತೆ ಬಂದವು. ಕವಿತೆಗೆ ಶ್ವೇತಭವನ ಅಷ್ಟು ಹೆದರಿತು ಅನ್ನುವುದು ಖುಷಿಯ ಸಂಗತಿಯೇ. ಆದರೆ ಆ ರಾಶಿಯಲ್ಲಿ ಇವತ್ತು ಜನರ ಬಾಯಲ್ಲಿ ಉಳಿದದ್ದು ತೀರಾ ಕಡಿಮೆ. ಪಾರಿವಾಳ, ರಕ್ತದ ಹೊಳೆ, ತಾಯಿಯ ಕಣ್ಣೀರು ಅಂತ ದೂರದಿಂದ ಬರೆದದ್ದು ಬೇಗ ಬಾಡುತ್ತದೆ. ನಮ್ಮಲ್ಲೂ ಇಂಥವು ಬೇಕಾದಷ್ಟಿವೆ. ಓವನ್ ಬರೆದದ್ದು ಬೂಟು, ಕೆಮ್ಮು, ಮುಖವಾಡದ ಗಾಜು. ಪೋಲೆಂಡಿನ ವಿಸ್ಲಾವಾ ಶಿಂಬೋರ್ಸ್ಕಾ 1993ರಲ್ಲಿ ಬರೆದ ಒಂದು ಕವಿತೆ ಯುದ್ಧ ಮುಗಿದ ಮೇಲೆ ಯಾರಾದರೂ ಕಸ ಗುಡಿಸಬೇಕಲ್ಲ ಅಂತ ಶುರುವಾಗುತ್ತದೆ. ರಸ್ತೆಯ ಮೇಲಿನ ಕಲ್ಲುಮಣ್ಣು ಸರಿಸಬೇಕು, ಗೋಡೆಗೆ ಆಸರೆ ಕೊಡಬೇಕು, ಕಿಟಕಿಗೆ ಗಾಜು ಹಾಕಬೇಕು. ಫೋಟೊಕ್ಕೆ ಚೆಂದ ಕಾಣುವ ಕೆಲಸ ಅಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ಕ್ಯಾಮೆರಾಗಳೆಲ್ಲ ಇನ್ನೊಂದು ಯುದ್ಧಕ್ಕೆ ಹೊರಟುಹೋಗಿವೆ. ಟಿ.ವಿ. ನೋಡುವ ನಮಗೆ ಇದಕ್ಕಿಂತ ಬೇಗ ತಾಗುವ ಸಾಲು ಯಾವುದಿದೆ?

ಟಾಗೋರರ ವಿಷಯ ಬಿಟ್ಟರೆ ತಪ್ಪಾಗುತ್ತದೆ. 1920ರಲ್ಲಿ ಓವನ್‌ನ ತಾಯಿ ಸೂಸನ್ ಅವರು ರವೀಂದ್ರನಾಥ ಟಾಗೋರರಿಗೆ ಒಂದು ಪತ್ರ ಬರೆದರು. ಕೊನೆಯ ಸಲ ಯುದ್ಧಕ್ಕೆ ಹೊರಡುವ ಮೊದಲು ಮಗ ತನಗೆ ವಿದಾಯ ಹೇಳಿದ್ದು ಟಾಗೋರರ ಮಾತಿನಲ್ಲಿ ಅಂತ ತಿಳಿಸಿದರು. ಇಲ್ಲಿಂದ ಹೋಗುವಾಗ ಇದೇ ನನ್ನ ಕೊನೆಯ ಮಾತಾಗಲಿ, ನಾನು ಕಂಡದ್ದಕ್ಕೆ ಸಾಟಿಯಿಲ್ಲ ಅನ್ನುವ ಗೀತಾಂಜಲಿಯ ಸಾಲು. ಸತ್ತ ಮೇಲೆ ಮನೆಗೆ ಬಂದ ಅವನ ಕಿರುಪುಸ್ತಕದಲ್ಲೂ ಅದೇ ಸಾಲು, ಕೆಳಗೆ ಟಾಗೋರರ ಹೆಸರು ಇತ್ತಂತೆ. ಪೂರ್ತಿ ಪದ್ಯ ಯಾವ ಪುಸ್ತಕದಲ್ಲಿದೆ ಹೇಳುತ್ತೀರಾ ಅಂತ ತಾಯಿ ಕೇಳಿದ್ದರು. ಬದುಕನ್ನು ಇಷ್ಟು ಮೆಚ್ಚಿದವನು ಯುದ್ಧದ ಬಗ್ಗೆ ಅಷ್ಟು ಸಿಟ್ಟಿನಿಂದ ಬರೆದ. ಕಹಿ ಮನುಷ್ಯ ಅಲ್ಲ ಅವನು.

ಮಗಳಿಗೆ ಪರೀಕ್ಷೆಗೆ ಉಪಯೋಗವಾಗುವ ಒಂದು ವಿಷಯ. ಓವನ್‌ನನ್ನು ಎಲ್ಲರೂ ಒಪ್ಪಿಲ್ಲ. ದೊಡ್ಡ ಕವಿ ಯೇಟ್ಸ್ 1936ರಲ್ಲಿ ಆಧುನಿಕ ಕಾವ್ಯದ ಸಂಕಲನ ಮಾಡಿದಾಗ ಅವನನ್ನು ಬೇಕೆಂದೇ ಬಿಟ್ಟರು. ಸುಮ್ಮನೆ ನರಳುವುದು ಕಾವ್ಯಕ್ಕೆ ವಸ್ತುವಲ್ಲ ಅನ್ನುವುದು ಅವರ ವಾದ. ಅದಕ್ಕೆ ಓವನ್ ತನ್ನ ಪುಸ್ತಕಕ್ಕೆಂದು ಬರೆದಿಟ್ಟ ಮುನ್ನುಡಿಯ ಕರಡಿನಲ್ಲೇ ಒಂದು ರೀತಿಯ ಉತ್ತರ ಇದೆ. ಈ ಪುಸ್ತಕ ವೀರರ ಬಗ್ಗೆ ಅಲ್ಲ, ನನ್ನ ವಸ್ತು ಯುದ್ಧ ಮತ್ತು ಯುದ್ಧದ ಮರುಕ, ಇವತ್ತಿನ ಕವಿಗೆ ಸಾಧ್ಯವಿರುವುದು ಎಚ್ಚರಿಸುವುದಷ್ಟೇ ಅಂತ ಅವನು ಬರೆದಿದ್ದ. ಯೇಟ್ಸ್ ಮಾತನ್ನೂ ಇದನ್ನೂ ಎದುರುಬದುರು ಇಟ್ಟು ಅವಳ ಅಭಿಪ್ರಾಯ ಬರೆಯಲಿ. ನೀವು ಯೇಟ್ಸ್ ಕಡೆ ನಿಂತರೂ ನನಗೆ ಆಶ್ಚರ್ಯವಿಲ್ಲ, ಮನೆಯಲ್ಲಿ ವಾದ ಆಗಲಿ.

ಇನ್ನು ಪಾಠ ಓದುವಾಗ ಮೊದಲ ಎಂಟು ಸಾಲಿಗೆ, ಆ ನಿದ್ದೆಗಣ್ಣಿನ ನಡಿಗೆಗೆ, ನೀವೇ ಅವಳಿಗೆ ಅರ್ಥ ಹೇಳಿಕೊಡಿ. ಭಾರ ಹೊತ್ತು ರಾತ್ರಿಯಿಡೀ ನಡೆದರೆ ಕಾಲು, ಕಿವಿ, ತಲೆ ಏನಾಗುತ್ತದೆ ಅನ್ನುವುದು ನಮ್ಮಂಥ ಮೇಷ್ಟ್ರುಗಳಿಗೆ ಪುಸ್ತಕದಿಂದ ಗೊತ್ತು, ನಿಮಗೆ ಹಾಗಲ್ಲ. ಓವನ್ ಅಲ್ಲಿ ಎಲ್ಲಾದರೂ ತಪ್ಪು ಬರೆದಿದ್ದಾನೆ ಅನ್ನಿಸಿದರೆ ನನಗೂ ಬರೆದು ತಿಳಿಸಿ.